ಬಾಣಂತಿಯ ಕಂತು ಶಿಸ್ತಿನ ಪ್ರಶ್ನೆಯಲ್ಲ
ಹೆರಿಗೆ ರಜೆಯಲ್ಲಿ ಸಂಬಳ ಬರುವುದರಿಂದ ಸಾಲದ ಕಂತು ಕಟ್ಟುವುದು ಕೇವಲ ಶಿಸ್ತಿನ ವಿಷಯ ಎಂದು ಹೆರಿಗೆ ಸಮಯದ ಸಾಲದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ ಆದ 2017ರ ತಿದ್ದುಪಡಿ ನೀಡಿದ 26 ವಾರಗಳ ವೇತನಸಹಿತ ರಜೆ ಸಿಗಬೇಕಾದರೆ ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಅದೇ ಮಾಲೀಕರಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. ನಮ್ಮ ಕೊಡಗಿನಲ್ಲಿ ಕಾಫಿ ಕೊಯ್ಲಿಗೆ ಒಂದು ತೋಟ, ಕರಿಮೆಣಸಿಗೆ ಇನ್ನೊಂದು ತೋಟ ಎಂದು ಅಲೆಯುವ ದಿನಗೂಲಿ ಹೆಂಗಸರಿಗೆ ಆ ಲೆಕ್ಕವನ್ನು ದಾಖಲೆಯಲ್ಲಿ ತೋರಿಸುವುದೇ ಕಷ್ಟ, ಸ್ವಸಹಾಯ ಸಂಘದ ಸಾಲದ ವಾರದ ಕಂತಾದರೋ ಬಾಣಂತನಕ್ಕೆಂದು ನಿಲ್ಲುವುದಿಲ್ಲ. ಸೋಮವಾರಪೇಟೆಯಲ್ಲಿ ಶಿಕ್ಷಕಿಯಾಗಿರುವ ನಾನೇ ಗೃಹಸಾಲದ ಮೂರು ಕಂತುಗಳನ್ನು ಮುಂದೂಡಿಸಿಕೊಂಡಾಗ ಆ ತಿಂಗಳುಗಳ ಬಡ್ಡಿ ಅಸಲಿಗೆ ಸೇರಿ ಸಾಲದ ಅವಧಿ ಬೆಳೆಯಿತು. ಬ್ಯಾಂಕಿನವರು ಇದನ್ನು ಮೊದಲೇ ತಿಳಿಸಿರಲಿಲ್ಲ. ಗರ್ಭಿಣಿಯಾಗಿರುವಾಗಲೇ ಹೋಗಿ ಹೊಸ ಕಂತಿನ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕೆಂದು ಲೇಖನ ಹೇಳಬೇಕಿತ್ತು.