ಖಾಲಿ ಕಾರಿಡಾರಿನ ಸಂಶೋಧಕರು

ಆ ಮೆಸೇಜು ಮತ್ತೆ ಬಂದಿದೆ. 'ಕೋವಿಡ್ ಅಂದರೆ ಬರೀ ನೆಗಡಿ, ಮಿಕ್ಕಿದ್ದೆಲ್ಲ ಆಸ್ಪತ್ರೆಯವರ ನಾಟಕ.' ಕಳಿಸಿದವರು ನಮ್ಮ ಚಿಕ್ಕಪ್ಪ. ನಾನು ಐಸಿಯು ನರ್ಸು ಅನ್ನೋದು ಅವರಿಗೆ ಗೊತ್ತು. ಗೊತ್ತಿದ್ದೇ ಕಳಿಸಿದ್ದಾರೆ, ಕೆಳಗೊಂದು ಕೈಮುಗಿದ ಇಮೋಜಿ ಸಮೇತ.

ಆಯ್ತು, ನಾಟಕವೇ ಇರಲಿ. ಪಾತ್ರ ಮಾಡಿದವಳಾಗಿ ಹೇಳ್ತೀನಿ, ವೇಷಕ್ಕೇನೂ ಕೊರತೆಯಿರಲಿಲ್ಲ. ಒಮ್ಮೆ ಪಿಪಿಇ ಕಿಟ್ ಹಾಕಿದರೆ ನೀರು ಕುಡಿಯೋ ಹಾಗಿಲ್ಲ. ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋಗಬೇಕಾದರೆ ಕಿಟ್ ಬಿಚ್ಚಬೇಕು, ಬಿಚ್ಚಿದರೆ ಇನ್ನೊಂದು ಕೇಳಬೇಕು, ಕೇಳಿದರೆ ಸ್ಟೋರಿನವರ ಮುಖ ನೋಡಬೇಕು. ಕನ್ನಡಕಕ್ಕೆ ಆವಿ ಕಟ್ಟಿ ಮಾನಿಟರಿನಲ್ಲಿ ಆಕ್ಸಿಜನ್ 88ಓ 98ಓ ತಿಳಿಯದೆ, ಕತ್ತು ಓರೆ ಮಾಡಿ, ಆವಿ ಕಟ್ಟದ ಒಂದು ಮೂಲೆಯಿಂದ ಇಣುಕುತ್ತಿದ್ದೆವು. ಒಳ್ಳೇ ಅಭಿನಯ.

ಎನ್95 ಮಾಸ್ಕಿನ ಹೆಸರಲ್ಲಿ 95 ಇರೋದು ಸುಮ್ಮನೆ ಅಲ್ಲ. 0.3 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಶೇ 95ರಷ್ಟನ್ನು ತಡೆಯಬೇಕು ಅಂತ ಲೆಕ್ಕ. ಒಮ್ಮೆ ಬಳಸಿ ಬಿಸಾಕಿ ಅಂತ ನಮಗೆ ಕಲಿಸಿದ್ದರು. 2020ರಲ್ಲಿ ಅದನ್ನೇ ಕಾಗದದ ಚೀಲಕ್ಕೆ ಹಾಕಿ, ಮೇಲೆ ಹೆಸರು ಬರೆದಿಟ್ಟು, ಮತ್ತೆ ಮತ್ತೆ ಹಾಕಿಕೊಂಡೆವು. ಹೊಸ ಮಾಸ್ಕಿನ ಬದಲಿಗೆ ಚಪ್ಪಾಳೆ ಬಂತು. ಇಟಲಿಯವರು ಬಾಲ್ಕನಿಗೆ ಬಂದರು. ಬ್ರಿಟನ್ನಿನವರು ಗುರುವಾರ ರಾತ್ರಿ 8ಕ್ಕೆ ಬಾಗಿಲಿಗೆ ಬಂದರು. ಭಾರತ 2020ರ ಮಾರ್ಚ್ 22ರ ಸಂಜೆ 5ಕ್ಕೆ ತಟ್ಟೆ ಬಾರಿಸಿತು. ಚಪ್ಪಾಳೆ ಎಷ್ಟು ಮೈಕ್ರಾನ್ ತಡೆಯುತ್ತೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಅದೇ ಮಾರ್ಚಿನ ಕೊನೆಗೆ ಸಂಶೋಧಕರು ಹೊರಟರು. ಕೈಯಲ್ಲಿ ಮೊಬೈಲು. ಆಸ್ಪತ್ರೆಯ ಪಾರ್ಕಿಂಗು ತೋರಿಸಿ 'ನೋಡಿ, ಖಾಲಿ', ಕಾರಿಡಾರ್ ತೋರಿಸಿ 'ಇದೂ ಖಾಲಿ', ಹಾಗಾಗಿ ರೋಗವೇ ಇಲ್ಲ! ನೋಡೋಕೆ ಬರುವವರನ್ನು ತಡೆದು, ಹೊರರೋಗಿ ವಿಭಾಗ ಮುಚ್ಚಿ, ಅರ್ಜೆಂಟಿಲ್ಲದ ಆಪರೇಷನ್ನುಗಳನ್ನೆಲ್ಲ ಮುಂದೂಡಿದರೆ ಪಾರ್ಕಿಂಗಲ್ಲಿ ಯಾರು ತಾನೇ ಇರ್ತಾರೆ? ಐಸಿಯು ಬಾಗಿಲ ತನಕ ಇವರಲ್ಲಿ ಒಬ್ಬರೂ ಬರಲಿಲ್ಲ. ಬಂದಿದ್ದರೆ ಕೆಲಸ ಇತ್ತು. ವೆಂಟಿಲೇಟರಿನಲ್ಲಿದ್ದವರನ್ನು ಬೋರಲು ಮಲಗಿಸೋಕೆ ಐದಾರು ಜನ ಬೇಕು. ತಲೆಯ ಹತ್ತಿರ ನಿಂತವರು ಟ್ಯೂಬನ್ನು ಬಿಗಿಯಾಗಿ ಹಿಡಿದು ಒಂದು, ಎರಡು, ಮೂರು ಅಂತಾರೆ, ಮಿಕ್ಕವರು ಒಟ್ಟಿಗೇ ತಿರುಗಿಸಬೇಕು. ಒಂದು ಕೈ ಯಾವಾಗಲೂ ಕಮ್ಮಿ ಬೀಳುತ್ತಿತ್ತು. ಮೊಬೈಲ್ ಹಿಡಿಯೋಕೂ ಜನ ಬೇಕಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನನ್ನು ರೋಗಿಯ ಕಿವಿಗಿಟ್ಟು, ಆ ಕಡೆಯಿಂದ ಮಗಳು ಮಾತಾಡಿ ಮುಗಿಸೋ ತನಕ.

ತಪ್ಪು ಎಲ್ಲರದ್ದೂ ಇದೆ, ಇಲ್ಲ ಅನ್ನಲ್ಲ. ಇದು ಗಾಳಿಯಲ್ಲಿ ಹರಡಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್ 28ರಂದು ಠಸ್ಸೆ ಒತ್ತಿದಂತೆ ಹೇಳಿತ್ತು. ನಾವೂ ಕಿಟಕಿ ತೆಗೆಯೋದು ಬಿಟ್ಟು ಮೇಜು ಉಜ್ಜುತ್ತಾ ಕೂತಿದ್ದೆವು. ಅದರ ಬಗ್ಗೆ ಬೈಯಿರಿ, ಕೇಳಿಸಿಕೊಳ್ತೀನಿ.

ಆದರೆ ನಾಟಕ ಅನ್ನಬೇಡಿ. 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ ಕೋವಿಡ್‌ನಿಂದ ಸತ್ತ ಆರೋಗ್ಯ ಕಾರ್ಯಕರ್ತರು 80 ಸಾವಿರದಿಂದ 1 ಲಕ್ಷದ 80 ಸಾವಿರ ಇರಬಹುದು ಅಂತ ಅದೇ ಸಂಸ್ಥೆಯ ಅಂದಾಜು. ಇರಬಹುದು! ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಒಂದು ಲಕ್ಷ ಜನ. ಕುರಿ ಕಾಯುವವರೂ ಸಂಜೆ ಮಂದೆ ಎಣಿಸಿ ದೊಡ್ಡಿಗೆ ಹಾಕ್ತಾರೆ. ನಮ್ಮನ್ನು ಎಣಿಸಲಿಲ್ಲ. ಚಪ್ಪಾಳೆಗೆ ಮುಹೂರ್ತ ಇಟ್ಟವರಿಗೆ ಒಂದು ಪಟ್ಟಿ ಇಡೋಕೆ ಆಗಲಿಲ್ಲ.

ಚಿಕ್ಕಪ್ಪನಿಗೆ ಉತ್ತರ ಬರೆಯಲಿಲ್ಲ. 2021ರಲ್ಲಿ ಒಂದು ರಾತ್ರಿ 2 ಗಂಟೆಗೆ ಇವರೇ ಫೋನ್ ಮಾಡಿ, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾ, 'ಹೆಂಗಾದ್ರೂ ಮಾಡಿ ಒಂದು ಬೆಡ್ ಕೊಡ್ಸಮ್ಮಾ' ಅಂದಿದ್ದರು. ಕೊಡಿಸಿದೆ. 11 ದಿನ ಆಕ್ಸಿಜನ್ನಿನಲ್ಲಿದ್ದು ಮನೆಗೆ ಹೋದರು.

ನೆಗಡಿ ವಾಸಿಯಾಗಿತ್ತು.