ಕೌನ್ಸಿಲ್ ಸಾಲ ಮಾಡಿದರೆ ಜನ ಯಾಕೆ ದಂಡ ಕಟ್ಟಬೇಕು?

ಸ್ಥಳೀಯ ಕೌನ್ಸಿಲ್ (ನಮ್ಮ ನಗರಸಭೆಯ ಥರದ್ದು) ತೆರಿಗೆ ಏರಿಸಿದಾಗಲೆಲ್ಲ ಬೊಬ್ಬೆ ಹಾಕುವವನು ನಾನಲ್ಲ. ಸಂಬಳ ಏರುತ್ತೆ, ಡೀಸೆಲ್ ಏರುತ್ತೆ, ಕಸದ ಗಾಡಿ ಪುಕ್ಕಟೆ ಓಡುವುದಿಲ್ಲ. ಆದರೆ ಇದ್ದ ದುಡ್ಡು ಹಾಳು ಮಾಡಿ, ಆ ಹೊಂಡ ತುಂಬಿಸಲು ಮನೆಮನೆಯ ಬಿಲ್ ಏರಿಸಿದರೆ ಅದು ತಪ್ಪೇ ಮಾಡದವರ ಮೇಲೆ ಹಾಕಿದ ದಂಡ.

ಇಂಗ್ಲೆಂಡಿನ ವೋಕಿಂಗ್ ನೋಡಿ. ಹೆಚ್ಚುಕಡಿಮೆ ಒಂದು ಲಕ್ಷ ಜನರ ಊರು. ಅಗ್ಗದ ಬಡ್ಡಿಗೆ ಸರ್ಕಾರಿ ಸಾಲ ಸಿಗುತ್ತೆ ಅಂತ ಕೌನ್ಸಿಲ್ ಎತ್ತಿದ್ದೇ ಎತ್ತಿದ್ದು. ಬಹುಮಹಡಿ ಕಟ್ಟಡ, ಹೋಟೆಲ್, ಶಾಪಿಂಗ್ ಸೆಂಟರ್ ಅಂತ ಸುರಿದಿದ್ದೇ ಸುರಿದಿದ್ದು. 2023ರ ಜೂನ್‌ನಲ್ಲಿ ಕೈ ಎತ್ತಿತು. ಖರ್ಚಿಗೆ ವರ್ಷಕ್ಕೆ ಕೈಯಲ್ಲಿದ್ದದ್ದು ಸುಮಾರು 1.6 ಕೋಟಿ ಪೌಂಡ್. ಸಾಲ ಮುಟ್ಟಲಿದೆ ಎಂದು ಅಂದಾಜಾಗಿದ್ದು 260 ಕೋಟಿ ಪೌಂಡ್! ಸಾಲ ತೀರಿಸಲು ಪ್ರತಿ ವರ್ಷ ಒಂದಿಷ್ಟು ತೆಗೆದಿಡಬೇಕು ಅನ್ನೋದು ಅಲ್ಲಿನ ನಿಯಮ. ಅದನ್ನೂ ಸರಿಯಾಗಿ ತೆಗೆದಿಟ್ಟಿರಲಿಲ್ಲ. ತೆಗೆದಿಡದಿದ್ದರೆ ಆ ವರ್ಷದ ಬಜೆಟ್ ಚೆನ್ನಾಗಿಯೇ ಕಾಣುತ್ತೆ, ಅಲ್ವಾ? ಸಾಲ ಮಾಡಿ ತುಪ್ಪ ತಿಂದವರು ಒಬ್ಬರು, ತೀರಿಸೋರು ಇನ್ನೊಬ್ಬರು. 2024ರಲ್ಲಿ ಕೌನ್ಸಿಲ್ ಮನೆ ತೆರಿಗೆಯ ಬಿಲ್ಲಿನಲ್ಲಿ ತನಗೆ ಸೇರುವ ಪಾಲನ್ನು ಹತ್ತಿರ ಹತ್ತಿರ 10% ಏರಿಸಿತು.

ಹೀಗೇ ಸಾಲದಲ್ಲಿ ಮುಳುಗಿದ್ದ ಲಂಡನ್ನಿನ ಕ್ರಾಯ್ಡನ್ ಕೌನ್ಸಿಲ್ ಕಥೆ ಕೇಳಿದರೆ ಇನ್ನೂ ಸಿಟ್ಟು ಬರುತ್ತೆ. 2023ರಲ್ಲಿ ಕ್ರಾಯ್ಡನ್‌ನಂತೆ ವಯಸ್ಸಾದವರ ಆರೈಕೆಯ ಹೊಣೆಯೂ ಇರುವ ಕೌನ್ಸಿಲ್‌ಗಳು 5% ಅಥವಾ ಅದಕ್ಕಿಂತ ಜಾಸ್ತಿ ಏರಿಸಬೇಕಾದರೆ ಜನರ ಮತ ಕೇಳಬೇಕಿತ್ತು. ಕ್ರಾಯ್ಡನ್ 15% ಏರಿಸಿತು, ಯಾರನ್ನೂ ಕೇಳಲಿಲ್ಲ. ಸರ್ಕಾರವೇ ವಿನಾಯಿತಿ ಕೊಟ್ಟಿತ್ತು. ಹೀಗೇ ಮುಳುಗಿದ್ದ ಸ್ಲೌ, ಥರಕ್ ಕೌನ್ಸಿಲ್‌ಗಳಿಗೆ 10%ವರೆಗೆ. ಅಂದರೆ ಲೆಕ್ಕ ನೆಟ್ಟಗೆ ಇಟ್ಟವರು ಜನರನ್ನು ಕೇಳಬೇಕು, ಮುಳುಗಿಸಿದವರು ಕೇಳಬೇಕಿಲ್ಲ. ಇದ್ಯಾವ ಸೀಮೆ ನ್ಯಾಯ?

ಕೇಂದ್ರದಿಂದ ಬರುವ ಅನುದಾನ ಕಡಿಮೆಯಾಯ್ತು, ವಯಸ್ಸಾದವರ ಆರೈಕೆಯ ಖರ್ಚು ಏರಿತು ಅಂತಾರೆ. ನಿಜ, ಸುಮ್ನೆ ಹೇಳೋ ಮಾತಲ್ಲ. ಆದರೆ ಆ ಕಷ್ಟ ಎಲ್ಲ ಕೌನ್ಸಿಲ್‌ಗಳಿಗೂ ಇತ್ತು. ಎಲ್ಲರೂ ಕ್ರಾಯ್ಡನ್ ಥರ ಸುಮಾರು 3 ಕೋಟಿ ಪೌಂಡ್ ಕೊಟ್ಟು ಹೋಟೆಲ್ ಕೊಳ್ಳೋಕೆ ಹೋಗಲಿಲ್ಲ. ಆ ಹೋಟೆಲ್ ಎರಡೇ ವರ್ಷದಲ್ಲಿ ಬಾಗಿಲು ಮುಚ್ಚಿತು.

ಇದರಲ್ಲಿ ಇನ್ನೊಂದು ಚಾಲಾಕಿ ಇದೆ, ಗಮನಿಸಿ. ನೂರು ಕಟ್ಟುತ್ತಿದ್ದವರ ಬಿಲ್ 15% ಏರಿ 115 ಆಯ್ತು ಅನ್ನಿ. ಮರುವರ್ಷದ 5% ಬೀಳೋದು ನೂರರ ಮೇಲಲ್ಲ, 115ರ ಮೇಲೆ. ಬಿಲ್ 120 ದಾಟಿತು. ಸಾಲ ತೀರಿದ ಮೇಲೂ ಆ 15 ಹಾಗೇ ಉಳಿಯುತ್ತೆ. ಏರಿಸಲೇಬೇಕು ಅನ್ನುವವರು, ಯಾವ ವರ್ಷ ಇಳಿಸ್ತೀವಿ ಅನ್ನೋದನ್ನೂ ಅದೇ ಬಿಲ್ಲಿನಲ್ಲಿ ಬರೆದುಕೊಡಲಿ. ಜೊತೆಗೆ ಯಾವ ಸಾಲ ಯಾರ ಸಹಿಯಿಂದ ಬಂತು ಅನ್ನೋದನ್ನೂ.