ಡ್ರಮ್ಮಿನಲ್ಲಿ ಏನಿದೆ? ‘ಥಿನ್ನರ್ ಸಾರ್’

ಊರಿಗೆ ಹೋದಾಗ ‘ಜರ್ಮನಿಯಲ್ಲಿ ಎಂತ ಕೆಲಸ?’ ಅಂತ ಕೇಳಿದರೆ ನಾನು ‘ಡ್ರಮ್ಮಿಗೆ ನಂಬರ್ ಹಾಕುವುದು’ ಅನ್ನುತ್ತೇನೆ. ನಗುತ್ತಾರೆ. ಸುಳ್ಳೇನೂ ಅಲ್ಲ. ನಾನಿರುವುದು ರೈನ್ ನದಿ ದಂಡೆಯ ಮಾನ್‌ಹೈಮ್‌ನಲ್ಲಿ, ಪೇಂಟು, ಕ್ಲೀನರ್ ಮಾಡುವ ಒಂದು ಸಣ್ಣ ಕಂಪನಿ. ಅಲ್ಲಿ ಬೆರೆಸಿದ ಪ್ರತಿ ದ್ರಾವಣವೂ ಲಾರಿ ಹತ್ತುವ ಮೊದಲು ಅದು ಬೆಂಕಿ ಹಿಡಿಯುವ ಜಾತಿಯೋ, ಚರ್ಮ ಸುಡುವ ಜಾತಿಯೋ, ವಿಷವೋ, ಯಾವುದೂ ಅಲ್ಲವೋ ಅಂತ ತೀರ್ಮಾನ ಆಗಬೇಕು. ಆಮೇಲೆ ವಿಶ್ವಸಂಸ್ಥೆಯ ಪಟ್ಟಿಯ ನಾಲ್ಕಂಕಿ ನಂಬರ್, ಅಪಾಯ ಎಷ್ಟು ಜೋರು ಅನ್ನುವುದಕ್ಕೆ ಪ್ಯಾಕಿಂಗ್ ಗ್ರೂಪ್. ಒಂದು ಅಂದರೆ ತುಂಬ ಅಪಾಯ, ಮೂರು ಅಂದರೆ ಕಡಿಮೆ.

ಇಲ್ಲಿಗೆ ಬರುವ ಮೊದಲು ಮಂಗಳೂರಿನ ಹತ್ತಿರ ಒಂದು ಕಡೆ ಎರಡು ವರ್ಷ ಇದೇ ತರಹದ ಕೆಲಸದಲ್ಲಿದ್ದೆ. ಹೆಸರು ಬೇಡ. ಅಲ್ಲಿ ಹೊರಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಥಿನ್ನರ್. ಆದರೆ ಥಿನ್ನರ್ ಅಂದರೆ ಒಂದು ವಸ್ತುವಲ್ಲ. ಈ ತಿಂಗಳು ಟೊಲ್ವೀನ್ ಅಗ್ಗವಾದರೆ ಅದು ಜಾಸ್ತಿ, ಮುಂದಿನ ತಿಂಗಳು ಅಸಿಟೋನ್ ಜಾಸ್ತಿ, ಉಳಿದದ್ದನ್ನು ಯಾವುದೋ ಡ್ರಮ್ಮಿನ ತಳದಿಂದ ತೆಗೆದು ಹೊಯ್ಯುವುದು. ಅಪಘಾತವಾದರೆ ಏನು ಮಾಡಬೇಕು ಅಂತ ಬರೆದು ಲಾರಿ ಜೊತೆ ಕಳಿಸುವ ಟ್ರೆಮ್ ಕಾರ್ಡ್ ಮಾತ್ರ ವರ್ಷವಿಡೀ ಒಂದೇ, ಟೊಲ್ವೀನ್‌ನದ್ದು, ಯಾರೋ ಯಾವಾಗಲೋ ಝೆರಾಕ್ಸ್ ಮಾಡಿ ಇಟ್ಟದ್ದು. ಒಂದು ದಿನ ಕೇಳಿದೆ, ಇದರಲ್ಲಿ ನಿಜವಾಗಿ ಏನೇನಿದೆ ಅಂತ. ‘ಥಿನ್ನರ್ ಸಾರ್’ ಅಂದರು. ಅಲ್ಲಿಗೆ ಮುಗಿಯಿತು.

ಇಲ್ಲಿ ಮೊದಲ ವಾರ ನನಗಾದ ಪೇಚಾಟ ಇದರ ಉಲ್ಟಾ. ಒಂದು ಕ್ಲೀನರ್, ಒಳಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಆಸಿಡ್. ನಾನು ಊರಿನ ಅಭ್ಯಾಸದಂತೆ ಆಲ್ಕೋಹಾಲಿನ ನಂಬರ್ ಹುಡುಕಿ ಬರೆದೆ. ಮೇಲಿನವಳು ಕಾಗದ ವಾಪಸ್ ತಳ್ಳಿ ‘ಎಷ್ಟು?’ ಅಂದಳು. ಏನು ಎಷ್ಟು? ಆಲ್ಕೋಹಾಲ್ ಎಷ್ಟು ಪಾಲು, ಆಸಿಡ್ ಎಷ್ಟು ಪಾಲು, ಎರಡೂ ಸೇರಿದ ಮೇಲೆ ಫ್ಲ್ಯಾಶ್ ಪಾಯಿಂಟ್ ಎಷ್ಟು, ಅಂದರೆ ಕಿಡಿ ತೋರಿಸಿದರೆ ಮೇಲಿನ ಆವಿ ಭಗ್ ಅಂತ ಹೊತ್ತಿಕೊಳ್ಳುವುದು ಎಷ್ಟು ಡಿಗ್ರಿಯಿಂದ ಮೇಲೆ. ಅದು 23 ಡಿಗ್ರಿಗಿಂತ ಕೆಳಗಿದ್ದು, ಆಸಿಡ್ಡಿನ ಕಾಟವೂ ಮಧ್ಯಮ ಮಟ್ಟದ್ದಾದರೆ ಡ್ರಮ್ಮು ಮೊದಲು ಬೆಂಕಿಯ ಜಾತಿ, ಆಮೇಲೆ ಸುಡುವ ಜಾತಿ, ನಂಬರ್ 2924. ಅದೇ ಕ್ಲೀನರಿಗೆ ಸ್ವಲ್ಪ ನೀರು ಜಾಸ್ತಿ ಬಿದ್ದು ಫ್ಲ್ಯಾಶ್ ಪಾಯಿಂಟ್ 23 ದಾಟಿತು ಅನ್ನಿ, ಆಸಿಡ್ಡು ಮಾತ್ರ ಅದೇ ಮಟ್ಟದಲ್ಲಿದ್ದರೆ ಕ್ರಮ ತಿರುಗುತ್ತದೆ. ಈಗ ಮೊದಲು ಸುಡುವುದು, ಆಮೇಲೆ ಬೆಂಕಿ, ನಂಬರ್ 2920. ಡ್ರಮ್ಮು ಅದೇ, ಸಾಮಾನು ಅದೇ, ಅಂಗಡಿಯ ಹೆಸರೂ ಅದೇ. ಎರಡು ಅಪಾಯ ಒಟ್ಟಿಗೆ ಬಂದರೆ ಯಾವುದು ಮುಂದೆ ನಿಲ್ಲಬೇಕು ಅಂತ ಹೇಳುವ ಒಂದು ದೊಡ್ಡ ಕೋಷ್ಟಕ ಇದೆ, ನನ್ನ ಮೇಜಿನ ಗಾಜಿನ ಕೆಳಗೆ ಈಗಲೂ ಇದೆ.

ವಿಷದ ಲೆಕ್ಕ ಇದಕ್ಕಿಂತ ಸುಲಭ. ನುಂಗಿದರೆ ಮೈತೂಕದ ಕಿಲೋಗೆ 60 ಮಿಲಿಗ್ರಾಂ ಮಟ್ಟದಲ್ಲಿ ಕೊಲ್ಲುವ ಕೀಟನಾಶಕ, ಮಿಶ್ರಣದಲ್ಲಿ ವಿಷ ಅದೊಂದೇ, ಪಾಲು ನೂರಕ್ಕೆ 20 ಇದ್ದರೆ 60ನ್ನು ನೂರರಿಂದ ಗುಣಿಸಿ 20ರಿಂದ ಭಾಗಿಸುವುದು. 300 ಬಂತು. ಮೂರನೇ ಗ್ರೂಪಿನ ಗಡಿಯೂ 300ವೇ, ಹಾಗಾಗಿ ವಿಷ. ನೂರಕ್ಕೆ 10 ಮಾತ್ರ ಇದ್ದರೆ 600, ಸಾಗಾಟದ ಲೆಕ್ಕದಲ್ಲಿ ನುಂಗುವ ವಿಷ ಅಲ್ಲ. ಕುಡಿದು ನೋಡಿ ಅಂತ ಅರ್ಥ ಅಲ್ಲ ಮತ್ತೆ!

ಈ ‘ಎಷ್ಟು’ ಅನ್ನುವ ಪ್ರಶ್ನೆಗೆ ಈ ಊರಿನವರು ಯಾಕಿಷ್ಟು ಅಂಟಿಕೊಂಡಿದ್ದಾರೆ ಅಂತ ನದಿ ದಾಟಿದರೆ ಗೊತ್ತಾಗುತ್ತದೆ. ಆಚೆ ದಡದಲ್ಲಿ ಲುಡ್ವಿಗ್ಸ್‌ಹಾಫೆನ್, ಅದರ ಒಂದು ಭಾಗ ಓಪ್ಪಾವ್. ಅಲ್ಲಿನ ಬಿಎಎಸ್ಎಫ್ ಕಾರ್ಖಾನೆಯ ಉಗ್ರಾಣದಲ್ಲಿ ಸುಮಾರು 4,500 ಟನ್ ಗೊಬ್ಬರ ಇತ್ತು, ಅಮೋನಿಯಂ ಸಲ್ಫೇಟ್ ಮತ್ತು ಅಮೋನಿಯಂ ನೈಟ್ರೇಟ್ ಬೆರೆಸಿದ್ದು. ತೇವ ಹೀರಿ ಕಲ್ಲಾಗುತ್ತಿತ್ತು, ಅದನ್ನು ಒಡೆಯಲು ಸಣ್ಣ ಸಿಡಿಮದ್ದು ಇಡುತ್ತಿದ್ದರು. ಹುಚ್ಚು ಅನಿಸುತ್ತದೆ, ಆದರೆ ಅರ್ಧಕ್ಕರ್ಧ ಬೆರೆಸಿದರೆ ಇದು ಸಿಡಿಯುವುದಿಲ್ಲ ಅಂತ ಪರೀಕ್ಷೆ ಮಾಡಿಯೇ ಇಟ್ಟಿದ್ದರು, ಸಾವಿರಾರು ಸಲ ಹಾಗೆ ಒಡೆದೂ ಏನೂ ಆಗಿರಲಿಲ್ಲ. 1921ರ ಸೆಪ್ಟೆಂಬರ್ 21ರ ಬೆಳಿಗ್ಗೆ ಆಯಿತು. 500ಕ್ಕೂ ಹೆಚ್ಚು ಜನ ಸತ್ತರು. ರಾಶಿಯ ಒಂದು ಭಾಗದಲ್ಲಿ ನೈಟ್ರೇಟಿನ ಪಾಲು ಜಾಸ್ತಿ ಸೇರಿತ್ತು ಅನ್ನುವುದು ಬಹಳ ಜನ ಒಪ್ಪುವ ವಿವರಣೆ. ಹೆಸರು ಸರಿಯೇ ಇತ್ತು, ಪಾಲು ತಪ್ಪಿತ್ತು.

ಹಾಗಂತ ನಮ್ಮವರಿಗೆ ಇದೆಲ್ಲ ಗೊತ್ತಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ನಮ್ಮದು ನೆಲ್ಯಾಡಿ ಕಡೆ, ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗ ಅಪ್ಪ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಬೆರೆಸುತ್ತಿದ್ದರು. ಬೆರೆಸಿ ಸುಮ್ನೆ ಬಿಡುತ್ತಿರಲಿಲ್ಲ. ಉಜ್ಜಿ ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುವುದು. ಅಲಗಿನ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೊಂದು ಹಿಡಿ ಹಾಕು. ಚೀಟಿಯಲ್ಲಿ ಏನು ಬರೆದಿದೆ ಅಂತ ನೋಡದೆ ಬೆರೆಸಿದ್ದನ್ನೇ ಕೇಳುವುದು, ನನ್ನ ಲ್ಯಾಬಿನ ಯಂತ್ರ ಮಾಡುವುದೂ ಅದನ್ನೇ. ತೋಟದಲ್ಲಿ ಇಷ್ಟು ಹುಷಾರಾಗಿರುವ ಜನ ಲಾರಿಗೆ ಡ್ರಮ್ಮು ಹತ್ತಿಸುವಾಗ ಯಾಕೆ ಹೆಸರು ನೋಡಿ ಕೈತೊಳೆದುಕೊಳ್ಳುತ್ತಾರೆ? ನನ್ನ ಲೆಕ್ಕದಲ್ಲಿ ಉತ್ತರ ಸಿಂಪಲ್. ತೋಟ ಅಪ್ಪನದು, ಲಾರಿ ಯಾರದ್ದೋ.

ಇಲ್ಲೂ ಎಲ್ಲರೂ ಹರಿಶ್ಚಂದ್ರರಲ್ಲ. ಎರಡನೇ ಗ್ರೂಪಿನ ಸಾಮಾನಾದರೆ 333 ಲೀಟರ್ ದಾಟಿದ ಕೂಡಲೇ ಲಾರಿಗೆ ಕಿತ್ತಳೆ ಫಲಕ, ವಿಶೇಷ ಪರವಾನಗಿಯ ಚಾಲಕ ಎಲ್ಲ ಬೇಕು. ಮೂರನೇ ಗ್ರೂಪಾದರೆ 1,000 ಲೀಟರ್ ತನಕ ಆರಾಮ. ಹಾಗಾಗಿ ಫ್ಲ್ಯಾಶ್ ಪಾಯಿಂಟ್ 22 ಬಂದ ಪೇಂಟನ್ನು ಹೇಗಾದರೂ ಮಾಡಿ 23 ದಾಟಿಸಲು ಸಾಹಸ ಮಾಡುವವರನ್ನು ನೋಡಿದ್ದೇನೆ. ದಪ್ಪ ಪೇಂಟಿಗೆ ನಿಯಮದಲ್ಲೇ ಸ್ವಲ್ಪ ರಿಯಾಯಿತಿ ಇದೆ, ನಿಧಾನ ಹರಿಯುತ್ತದೆ ಅಂತ. ಆದರೆ ಇವರೂ ಕಳ್ಳಾಟ ಆಡುವುದು ಅಳತೆಯೊಳಗೆ. ಅಳತೆಯೇ ಇಲ್ಲದ ಕಡೆ ಕಳ್ಳನನ್ನು ಹಿಡಿಯುವುದು ಹೇಗೆ?

ನಮ್ಮಲ್ಲಿ ನಿಯಮ ಇಲ್ಲ ಅನ್ನುವವರಿಗೆ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರವರೆಗೆ ಇದೇ ವಿಷಯ. ಪಟ್ಟಿ ಇದೆ, ಲಕ್ಷಣ ನೋಡಿ ಗುರುತಿಸುವ ಕೋಷ್ಟಕವೂ ಇದೆ. ನಾನು ಕಂಡ ಕಡೆ ಪಟ್ಟಿ ತೆರೆಯುತ್ತಿದ್ದರು, ಕೋಷ್ಟಕದ ಪುಟ ಮಡಿಸಿದ ಹಾಗೇ ಇರುತ್ತಿತ್ತು. ಇನ್ನು ಟ್ಯಾಂಕರಿನ ಫಲಕದ ವಿಷಯದಲ್ಲಿ ನನ್ನ ಓಟು ಊರಿಗೆ. ಇಲ್ಲಿ ಪೆಟ್ರೋಲ್ ಟ್ಯಾಂಕರಿನ ಕಿತ್ತಳೆ ಫಲಕದಲ್ಲಿ ಮೇಲೆ 33, ಕೆಳಗೆ 1203, ಅಷ್ಟೇ. ವಸ್ತುವಿನ ಹೆಸರಿಲ್ಲ, ಫೋನ್ ನಂಬರಿಲ್ಲ. 33 ಅಂದರೆ ತುಂಬ ಬೇಗ ಬೆಂಕಿ ಹಿಡಿಯುವ ದ್ರವ ಅಂತ ಗೊತ್ತಿದ್ದವನಿಗೆ ಗೊತ್ತು. ನಮ್ಮ ಟ್ಯಾಂಕರಿನಲ್ಲಿ ಹೆಸರು, ನಂಬರು, ಫೋನು, ಜೊತೆಗೆ 3ವೈಇ ಅಂತ ಇರುತ್ತದೆ. 3 ಅಂದರೆ ನೊರೆ ಹಾಕಿ ನಂದಿಸು, ವೈ ಅಂದರೆ ಉಸಿರಿನ ಉಪಕರಣ ತೊಟ್ಟುಕೋ, ಸೋರಿದ್ದು ಹರಿಯದಂತೆ ತಡೆ, ಇ ಅಂದರೆ ಜನರನ್ನು ತೆರವು ಮಾಡಿಸುವ ಯೋಚನೆ ಮಾಡು. ಒಂದು ಫಲಕ ಏನಿದೆ ಅನ್ನುತ್ತದೆ, ಇನ್ನೊಂದು ಏನು ಮಾಡಬೇಕು ಅನ್ನುತ್ತದೆ. ಬೆಂಕಿ ಮುಂದೆ ನಿಂತವನಿಗೆ ಎರಡನೆಯದ್ದೇ ಬೇಕು ಅಲ್ವಾ?

2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಹೊತ್ತಿ ಉರಿದಾಗ ನಾನು ಇಲ್ಲಿದ್ದೆ, ರಾತ್ರಿಯಿಡೀ ಮನೆಗೆ ಫೋನ್ ಮಾಡಿದೆ. ಆ ಗ್ಯಾಸೂ ಮಿಶ್ರಣವೇ, ಪ್ರೊಪೇನ್ ಮತ್ತು ಬ್ಯುಟೇನ್. ಇಲ್ಲಿ ಅದನ್ನು 70 ಡಿಗ್ರಿಯಲ್ಲಿ ಎಷ್ಟು ಒತ್ತಡ, 50 ಡಿಗ್ರಿಯಲ್ಲಿ ಎಷ್ಟು ಸಾಂದ್ರತೆ ಅಂತ ನೋಡಿ ಎಯಿಂದ ಸಿವರೆಗೆ ಬಗೆ ಮಾಡುತ್ತಾರೆ. ಹಾಗೆ ಬಗೆ ಮಾಡಿದ್ದರೆ ಪೆರ್ನೆಯವರು ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಮನೆಗಳ ಪಕ್ಕದ ರಸ್ತೆಯಲ್ಲಿ ಟ್ಯಾಂಕರ್ ಮಗುಚಿದ ಮೇಲೆ ಎ ಆದರೇನು, ಸಿ ಆದರೇನು.

ಆದರೆ ಚಾಲಕನ ಕೈಯ ಕಾಗದ ಬೇರೆ ಮಾತು. ಇಲ್ಲಿ ನಾಲ್ಕು ಪುಟದ ಸೂಚನೆ ಕ್ಯಾಬಿನ್‌ನಲ್ಲಿ ಇರಲೇಬೇಕು, ಅದೂ ಚಾಲಕನಿಗೆ ಓದಿ ಅರ್ಥವಾಗುವ ಭಾಷೆಯಲ್ಲಿ. 2009ರಿಂದ ಅದು ಎಲ್ಲ ಸಾಮಾನಿಗೂ ಒಂದೇ, ವಸ್ತುವಿಗೆ ತಕ್ಕಂತೆ ಬರೆಯುವ ನಮ್ಮ ಟ್ರೆಮ್ ಕಾರ್ಡಿನಷ್ಟು ವಿವರ ಇರುವುದಿಲ್ಲ. ಆದರೂ ಪೋಲೆಂಡಿನ ಚಾಲಕ ಪೋಲಿಷ್ ಹಾಳೆ ತೋರಿಸುತ್ತಾನೆ. ನನಗೆ ಒಂದಕ್ಷರ ಬರುವುದಿಲ್ಲ, ಅವನಿಗೆ ಬರುತ್ತದೆ. ನಮ್ಮ ನಿಯಮ ತಿರುಗಾಮುರುಗಾ: ಚಾಲಕನಿಗೆ ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷೂ ಓದಲು ಬರೆಯಲು ಬರಬೇಕು. ಕಾರ್ಡನ್ನು ಅವನ ಭಾಷೆಗೆ ತರುವ ಬದಲು ಅವನನ್ನೇ ಕಾರ್ಡಿನ ಭಾಷೆಗೆ ಎಳೆಯುವುದು.

ಕಳೆದ ಸಲ ಊರಿಗೆ ಹೋದಾಗ ಗುಂಡ್ಯದಲ್ಲಿ ಚಾ ಕುಡಿಯುತ್ತಾ ಗ್ಯಾಸ್ ಸಾಗಿಸುವ ಒಬ್ಬ ಬುಲೆಟ್ ಟ್ಯಾಂಕರ್ ಚಾಲಕನನ್ನು ಮಾತಿಗೆಳೆದೆ. ನಾಮಕ್ಕಲ್ ಕಡೆಯವನು, ಶಿರಾಡಿ ಘಾಟಿಯ ತಿರುವುಗಳೆಲ್ಲ ಬಾಯಿಪಾಠ. ಕಾರ್ಡ್ ಇದೆಯಾ ಅಂತ ಕೇಳಿದೆ. ಸೀಟಿನ ಅಡಿಯಿಂದ ತೆಗೆದ, ಲ್ಯಾಮಿನೇಷನ್ ಮಾಡಿದ್ದು, ಎರಡೂ ಬದಿ ಇಂಗ್ಲಿಷ್. ಏನು ಬರೆದಿದೆ ಅಂದೆ. ತಮಿಳು ಬೆರೆತ ಕನ್ನಡದಲ್ಲಿ ‘ಇದು ಚೆಕಿಂಗ್‌ನವರಿಗೆ ಸಾರ್’ ಅಂದು ವಾಪಸ್ ಸೀಟಿನಡಿ ತುರುಕಿ, ಘಾಟಿಯಲ್ಲಿ ಮಳೆ ಶುರುವಾಗುವ ಮೊದಲು ಹತ್ತಬೇಕು ಅಂತ ಅರ್ಧ ಚಾ ಬಿಟ್ಟು ಎದ್ದ.